ಹಳೆಯ ಕಾರಿಗೆ ಪ್ಲಗ್ ವೈರ್ ಆರಿಸುವುದು ಹೇಗೆ

(ಚಿಕ್ಕಮಗಳೂರಿನಲ್ಲಿ ಹಳೆಯ ವಾಹನಗಳನ್ನು ಇಟ್ಟುಕೊಂಡವರ ಮುಂದೆ ಆಡಿದ ಮಾತುಗಳ ಬರಹ ರೂಪ)

ನಮಸ್ಕಾರ. ಈ ಸಭೆಯಲ್ಲಿ ಅಂಬಾಸಿಡರ್ ಇಟ್ಟುಕೊಂಡವರಿದ್ದೀರಿ, ಪದ್ಮಿನಿ ಇಟ್ಟುಕೊಂಡವರಿದ್ದೀರಿ, ತೋಟಕ್ಕೆ ಇವತ್ತಿಗೂ ಪೆಟ್ರೋಲ್ ಜೀಪನ್ನೇ ಓಡಿಸುವವರೂ ಇದ್ದೀರಿ. ಜೂನ್ ಬಂತೆಂದರೆ ಈ ಎಲ್ಲ ಗಾಡಿಗಳಿಗೂ ಒಂದೇ ಕಾಯಿಲೆ. ಬೆಳಗ್ಗೆ ಸ್ಟಾರ್ಟ್ ಆಗುವುದಿಲ್ಲ. ಸ್ಟಾರ್ಟ್ ಆದರೂ ಒಂದು ಸಿಲಿಂಡರ್ ಮಿಸ್ ಹೊಡೆಯುತ್ತದೆ. ಬಿಸಿಲು ಬಿದ್ದ ಮೇಲೆ ತಾನಾಗಿಯೇ ಸರಿಹೋಗುತ್ತದೆ. ಕಾರ್ಬುರೇಟರ್ ಬಿಚ್ಚುತ್ತೇವೆ, ಪಾಯಿಂಟ್ ಉಜ್ಜುತ್ತೇವೆ, ಹೊಸ ಪ್ಲಗ್ ಹಾಕುತ್ತೇವೆ. ಕಿಡಿಯ ವಿದ್ಯುತ್ತನ್ನು ಪ್ಲಗ್ಗಿಗೆ ಮುಟ್ಟಿಸುವ ವೈರಿನ ಸರದಿ ಬರುವುದು ಎಲ್ಲ ಮುಗಿದ ಮೇಲೆ. ಆಗಲೂ ಅಂಗಡಿಗೆ ಹೋಗಿ ಕೇಳುವುದು ‘ಜಾಸ್ತಿ ಕರೆಂಟ್ ಹೋಗೋ ವೈರ್ ಕೊಡಿ’ ಎಂದು. ಆ ಪ್ರಶ್ನೆಯಲ್ಲೇ ಎಡವಟ್ಟಿದೆ. ಮೊದಲು ಅದನ್ನು ಬಿಡಿಸೋಣ.

ಪ್ಲಗ್ ವೈರಿನಲ್ಲಿ ಕರೆಂಟ್ ಹರಿಯುವುದು ತೀರಾ ಕಡಿಮೆ. ಬ್ಯಾಟರಿಯ ವೋಲ್ಟನ್ನು ಸಾವಿರಗಟ್ಟಲೆ ಏರಿಸುವುದು ಕಾಯಿಲ್, ಅದರ ಕರೆಂಟನ್ನು ಕಡಿದು ಕೂಡಿಸುವ ಸ್ವಿಚ್ಚು ಪಾಯಿಂಟ್. ಪಾಯಿಂಟ್ ತೆರೆದಾಗ ಕಾಯಿಲ್‌ನಲ್ಲಿ ವೋಲ್ಟೇಜ್ ಏರತೊಡಗುತ್ತದೆ. ಪ್ಲಗ್ಗಿನ ತುದಿಯ ಸಂದಿಯನ್ನು ದಾಟುವಷ್ಟು ಏರಿದ ಕ್ಷಣ ಕಿಡಿ ಹಾರುತ್ತದೆ. ಅಲ್ಲಿಂದಾಚೆ ಅದು ಏರುವುದಿಲ್ಲ. ಸುಮ್ಮನೆ ಐಡ್ಲಿಂಗ್‌ನಲ್ಲಿರುವ ಎಂಜಿನ್‌ಗೆ ಕೆಲವೇ ಸಾವಿರ ವೋಲ್ಟ್ ಸಾಕು. ಲೋಡ್ ಬಿದ್ದಾಗ ಹತ್ತು ಸಾವಿರ, ಅದಕ್ಕೂ ಮೇಲೆ ಬೇಕಾಗುತ್ತದೆ. ಪಾಯಿಂಟ್ ಇರುವ ಹಳೆಯ 12 ವೋಲ್ಟ್ ಕಾಯಿಲ್ ಸುಸ್ಥಿತಿಯಲ್ಲಿದ್ದರೆ ಸುಮಾರು 20,000 ವೋಲ್ಟಿನ ಆಸುಪಾಸು ಕೊಡಬಲ್ಲದು. ಕಿಡಿ ಉರಿಯುವಾಗ ವೈರಿನಲ್ಲಿ ಹರಿಯುವುದು ಕೆಲವು ಹತ್ತು ಮಿಲಿಆಂಪ್ ಮಾತ್ರ, ಅದೂ ಒಂದೆರಡು ಮಿಲಿಸೆಕೆಂಡು. 30 ಮಿಲಿಆಂಪ್ ಎಂದಿಟ್ಟುಕೊಂಡರೆ 5,000 ಓಮ್ ರೆಸಿಸ್ಟೆನ್ಸ್‌ನಲ್ಲಿ ಕಳೆದುಹೋಗುವುದು 150 ವೋಲ್ಟ್. ಕಿಡಿ ಹಾರುವ ಮುಂಚೆ ಕರೆಂಟೇ ಹೆಚ್ಚುಕಮ್ಮಿ ಇಲ್ಲದ್ದರಿಂದ, ಅಲ್ಲಿಯವರೆಗೆ ಕಳೆದುಹೋಗುವುದು ಲೆಕ್ಕಕ್ಕೇ ಬರುವುದಿಲ್ಲ. ದಪ್ಪ ತಾಮ್ರದ ವೈರ್ ಹಾಕಿದರೆ ಪಿಕಪ್ ಬರುತ್ತದೆ ಎನ್ನುವ ಮಾತಿಗೆ ಹಾಗಾಗಿ ಆಧಾರವಿಲ್ಲ. ಹೊಸ ವೈರ್ ಹಾಕಿದ ಮೇಲೆ ಗಾಡಿ ಚೆನ್ನಾಗಿ ಓಡಿತು ಎಂದರೆ ಹಳೆಯದು ಎಲ್ಲೋ ಸೋರುತ್ತಿತ್ತು ಎಂದರ್ಥ.

ಸೋರಿಕೆಯೇ ಇಲ್ಲಿ ಮುಖ್ಯ ವಿಷಯ. ಕಾಫಿ ಹೂವರಳಿಸುವ ಹೂಮಳೆ ಕೈಕೊಟ್ಟಾಗ ತೋಟಕ್ಕೆ ಸ್ಪ್ರಿಂಕ್ಲರ್ ಎಳೆದವರಿಗೆ ಗೊತ್ತು, ಪ್ರೆಷರ್ ಏರಿದಾಗ ನೀರು ಮೊದಲು ಚಿಮ್ಮುವುದು ಸಡಿಲವಾದ ಜಾಯಿಂಟಿನಲ್ಲಿ. ಹತ್ತು ಸಾವಿರ ವೋಲ್ಟ್ ಕೂಡ ಹಾಗೆಯೇ ಸುಲಭದ ದಾರಿ ಹುಡುಕುತ್ತದೆ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಸೆಕೆಂಡ್ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿ ಹತ್ತುವಾಗ ಸಿಲಿಂಡರ್ ತುಂಬ ಗಾಳಿ-ಪೆಟ್ರೋಲ್ ಸೇರಿ ಒತ್ತಡ ಜಾಸ್ತಿಯಾಗುತ್ತದೆ, ಕಿಡಿ ಹಾರಲು ಹೆಚ್ಚು ವೋಲ್ಟ್ ಬೇಕಾಗುತ್ತದೆ. ಅದೇ ಹೊತ್ತಿಗೆ ವೈರಿನ ಮೇಲೆ ಮಂಜಿನ ಪಸೆ ಕೂತಿದ್ದರೆ ಸಿಲಿಂಡರ್ ಒಳಗಿನ ಸಂದಿಗಿಂತ ಹೊರಗಿನ ಒದ್ದೆ ಮೈಯೇ ಸುಲಭದ ದಾರಿ. ಸಮತಟ್ಟಿನ ಹಾಸನ–ಅರಸೀಕೆರೆ ರಸ್ತೆಯಲ್ಲಿ ಒಂದು ಸಲವೂ ಮಿಸ್ ಹೊಡೆಯದ ಗಾಡಿ ಘಾಟಿಯಲ್ಲಿ ಕೈಕೊಡುವುದು ಇದರಿಂದ.

ಒಟ್ಟಿನಲ್ಲಿ ವೈರ್ ಆರಿಸುವಾಗ ಮೊದಲು ನೋಡಬೇಕಾದ್ದು ಮೇಲಿನ ಹೊದಿಕೆ ಮತ್ತು ಎರಡು ತುದಿ. ಒಳಗಿನ ಎಳೆ ಆಮೇಲೆ. ಆದರೆ ಅಂಗಡಿಯಲ್ಲಿ ಚರ್ಚೆಯೆಲ್ಲ ಎಳೆಯ ಬಗ್ಗೆಯೇ ಇರುವುದರಿಂದ ಅದನ್ನು ಮೊದಲು ಹೇಳಿ ಮುಗಿಸುತ್ತೇವೆ.

ಎಳೆಯಲ್ಲಿ ಮೂರು ಬಗೆ. ಮೊದಲನೆಯದು ತಾಮ್ರದ ಎಳೆಗಳನ್ನು ಹೊಸೆದದ್ದು. ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್, ಫಿಯಟ್ 1100, ವಿಲ್ಲೀಸ್ ಜೀಪುಗಳ ಕಾಲಕ್ಕೆ ಒಗ್ಗುವುದು ಇದು. ರೆಸಿಸ್ಟೆನ್ಸ್ ಇಲ್ಲವೇ ಇಲ್ಲ ಎನ್ನಬಹುದು. ಬಾಳಿಕೆ ಜಾಸ್ತಿ, ಎಲ್ಲಿ ಬೇಕಾದರೂ ಕತ್ತರಿಸಿ ತುದಿ ಕಟ್ಟಬಹುದು. ಕೊರತೆ ಏನೆಂದರೆ ಪ್ರತಿ ಕಿಡಿಯೂ ರೇಡಿಯೋ ಅಲೆ ಎಬ್ಬಿಸುತ್ತದೆ. 3000 ಆರ್‌ಪಿಎಂನಲ್ಲಿ ನಾಲ್ಕು ಸಿಲಿಂಡರಿನ ಎಂಜಿನ್ ಸೆಕೆಂಡಿಗೆ 100 ಕಿಡಿ ಹಾರಿಸುತ್ತದೆ. ರೇಡಿಯೋದಲ್ಲಿ ಕೇಳಿಬರುವ ಗರಗರ ಸದ್ದು ಅದೇ. ಯಾವ ರೆಸಿಸ್ಟೆನ್ಸೂ ಇಲ್ಲದಿದ್ದರೆ ಪ್ಲಗ್ಗಿನ ತುದಿಯೂ ಬೇಗ ಸವೆಯುತ್ತದೆ. ಇವೆರಡಕ್ಕೂ ಪರಿಹಾರ ಪ್ಲಗ್ಗಿನ ತಲೆಗೆ ಕೂರುವ, ಒಳಗೆ 5,000 ಓಮ್ ರೆಸಿಸ್ಟರ್ ಇರುವ ಪ್ಲಗ್ ಕ್ಯಾಪ್.

ಎರಡನೆಯದು ಕಾರ್ಬನ್ ವೈರ್. ಒಳಗೆ ಲೋಹವಿಲ್ಲ, ಕಾರ್ಬನ್ ಹೀರಿಸಿದ ನಾರಿನ ಹುರಿ. ಸಾಮಾನ್ಯವಾಗಿ ಅಡಿಗೆ 3,000ದಿಂದ 7,000 ಓಮ್, ಅಂದರೆ ಮೀಟರಿಗೆ ಸುಮಾರು 10,000ದಿಂದ 23,000. ಕಂಪನಿಯಲ್ಲಿ ತಯಾರಾಗಿ, ತುದಿ ಕಟ್ಟಿ ಬಂದ ಹೊಸ ಸೆಟ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ತೊಂದರೆ ಬಳಕೆಯಲ್ಲಿ. ಪ್ಲಗ್ ಬಿಚ್ಚುವಾಗ ಕ್ಯಾಪ್ ಹಿಡಿಯದೆ ವೈರ್ ಹಿಡಿದು ಎಳೆದರೆ ಒಳಗಿನ ಹುರಿ ತುಂಡಾಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ತುಂಡಾದ ಜಾಗದಲ್ಲಿ ಕಿಡಿ ಹಾರಿ ಹಾರಿ ಸಂದಿ ದೊಡ್ಡದಾಗುತ್ತಾ ಹೋಗುತ್ತದೆ, ರೆಸಿಸ್ಟೆನ್ಸ್ ಏರುತ್ತಾ ಹೋಗುತ್ತದೆ. ಅದಕ್ಕೆ ಹೊಸ ತುದಿ ಕಟ್ಟುವ ಕೆಲಸ ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ನೆಟ್ಟಗಾಗುವುದಿಲ್ಲ.

ಮೂರನೆಯದು ಸುರುಳಿ ವೈರ್. ನಡುವಿನ ಗಟ್ಟಿ ಎಳೆಯ ಸುತ್ತ ಕೂದಲಿನಷ್ಟು ತೆಳು ಲೋಹದ ತಂತಿಯನ್ನು ಒತ್ತೊತ್ತಾಗಿ ಸುತ್ತಿರುತ್ತಾರೆ. ಓಮ್ ಲೆಕ್ಕದಲ್ಲಿ ಕಾರ್ಬನ್ ವೈರಿಗಿಂತ ಬಹಳ ಕಡಿಮೆ, ಆದರೆ ಸುರುಳಿಯ ಗುಣದಿಂದ ರೇಡಿಯೋ ಅಲೆಯನ್ನು ತಡೆಯುತ್ತದೆ. ಮೂರರಲ್ಲಿ ಬೆಲೆ ಜಾಸ್ತಿಯದು ಇದೇ. ಪಾಯಿಂಟ್ ತೆಗೆದು, ಕಿಡಿಯನ್ನು ಸರದಿಯಂತೆ ಪ್ಲಗ್ಗುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ ಎಲೆಕ್ಟ್ರಾನಿಕ್ ಕಿಟ್ ಹಾಕಿಸಿಕೊಂಡವರಿಗೆ ನಮ್ಮ ಸಲಹೆ ಇದು, ಇಲ್ಲವೇ ಒಳ್ಳೆಯ ಕಾರ್ಬನ್ ಸೆಟ್. ಅಂಥ ಗಾಡಿಗೆ ಬರೀ ತಾಮ್ರದ ವೈರನ್ನು ರೆಸಿಸ್ಟರ್ ಕ್ಯಾಪ್ ಇಲ್ಲದೆ ಹಾಕಲೇಬೇಡಿ. ಅದು ಎಬ್ಬಿಸುವ ಅಲೆಗೆ ಕಿಟ್ಟಿನ ಸೆನ್ಸರ್ ಗೊಂದಲಗೊಂಡು ಹೊತ್ತಲ್ಲದ ಹೊತ್ತಿನಲ್ಲಿ ಕಿಡಿ ಕೊಡಬಹುದು, ಮಾಡ್ಯೂಲೇ ಸುಟ್ಟುಹೋಗಬಹುದು. ‘ಕಿಟ್ ಸರಿಯಿಲ್ಲ’ ಎಂದು ವಾಪಸಾಗುವ ಮಾಲಿನಲ್ಲಿ ಇಂಥವೂ ಇರುತ್ತವೆ.

ಈಗ ರೆಸಿಸ್ಟೆನ್ಸ್ ಕೂಡುವ ಲೆಕ್ಕ. ಎಲ್ಲರೂ ವೈರನ್ನಷ್ಟೇ ನೋಡುತ್ತಾರೆ. ಆದರೆ ಕಿಡಿಯ ದಾರಿಯಲ್ಲಿ ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿಗೆ ಬರುವ ಕಾಯಿಲ್ ವೈರ್, ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ರೋಟರ್, ಪ್ಲಗ್ ವೈರ್, ಕ್ಯಾಪ್, ಪ್ಲಗ್ ಎಲ್ಲ ಸಾಲಾಗಿ ಇವೆ. ಪ್ಲಗ್ಗಿನ ನಂಬರಿನಲ್ಲಿ ‘ಆರ್’ ಇದೆಯೇ ನೋಡಿ. ಎನ್‌ಜಿಕೆ ಕಂಪನಿಯ ಪ್ಲಗ್ಗುಗಳಲ್ಲಿ ಬಿಪಿ6ಇಎಸ್ ಎಂದರೆ ರೆಸಿಸ್ಟರ್ ಇಲ್ಲದ್ದು, ಬಿಪಿಆರ್6ಇಎಸ್ ಎಂದರೆ ಒಳಗೆ ಸುಮಾರು 5,000 ಓಮ್ ಇರುವುದು. ಕೆಲವು ರೋಟರುಗಳಲ್ಲೂ ರೆಸಿಸ್ಟರ್ ಹುದುಗಿಸಿರುತ್ತಾರೆ. ತಾಮ್ರದ ವೈರ್, 5,000ದ ಕ್ಯಾಪ್, ಆರ್ ಇಲ್ಲದ ಪ್ಲಗ್: ಒಟ್ಟು 5,000. ಪ್ಲಗ್ ಆರ್ ಆದರೆ 10,000. ಎರಡೂ ಸರಿ, ಪಾಯಿಂಟ್ ಗಾಡಿಗೆ ಹೇಳಿ ಮಾಡಿಸಿದ್ದು. ಅರ್ಧ ಮೀಟರ್ ಕಾರ್ಬನ್ ವೈರಿಗೆ 5,000ದಿಂದ 11,000, ಕಾಯಿಲ್ ವೈರಿಗೆ ಇನ್ನೊಂದಿಷ್ಟು, ಆರ್ ಪ್ಲಗ್ಗಿಗೆ 5,000: ಇದೂ ನಡೆಯುತ್ತದೆ. ಇದರ ಮೇಲೆ ರೆಸಿಸ್ಟರ್ ಕ್ಯಾಪೂ ರೆಸಿಸ್ಟರ್ ರೋಟರೂ ಸೇರಿದರೆ ಒಟ್ಟು 25,000 ದಾಟಿಬಿಡಬಹುದು. ಕಿಡಿ ಸೊರಗುತ್ತದೆ, ತಣ್ಣಗಿನ ಎಂಜಿನ್ ಎಬ್ಬಿಸಲು ಹೆಣಗಬೇಕಾಗುತ್ತದೆ. ರೆಸಿಸ್ಟರ್ ದಾರಿಯಲ್ಲಿ ಒಂದು ಕಡೆ ಇರಲಿ, ಹೆಚ್ಚೆಂದರೆ ಎರಡು ಕಡೆ.

ಹೊದಿಕೆಯ ವಿಷಯಕ್ಕೆ ಬರೋಣ. ಹಳೆಯ ವೈರುಗಳದ್ದು ರಬ್ಬರ್. ವರ್ಷ ಕಳೆದಂತೆ ಬಾಗಿದ ಕಡೆ ಬಿರುಕು ಬಿಡುತ್ತದೆ. ಹೈ ವೋಲ್ಟೇಜ್ ಇರುವಲ್ಲಿ ಹುಟ್ಟುವ ಓಝೋನ್ ಕೂಡ ರಬ್ಬರನ್ನು ತಿನ್ನುತ್ತದೆ. ಮೀಟರ್ ಲೆಕ್ಕದಲ್ಲಿ ಸಿಗುವ ಕಡಿಮೆ ಬೆಲೆಯ ವೈರ್ ಹೆಚ್ಚಾಗಿ ಪಿವಿಸಿ. ಎಣ್ಣೆ, ನೀರು ತಡೆಯುತ್ತದೆ, ಗಟ್ಟಿ. ಆದರೆ ಸುಮಾರು 100 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆತ್ತಗಾಗುತ್ತದೆ, ಹಳತಾದರೆ ಕಡ್ಡಿಯಂತಾಗುತ್ತದೆ. ಸಿಲಿಕೋನ್ 200 ಡಿಗ್ರಿಯವರೆಗೂ ಜಗ್ಗುವುದಿಲ್ಲ, ಚಳಿಯಲ್ಲೂ ಮೃದುವಾಗಿಯೇ ಇರುತ್ತದೆ. ಅದರ ದೌರ್ಬಲ್ಯ ಬೇರೆ: ಚೂಪಾದ ಅಂಚಿಗೆ ಉಜ್ಜಿದರೆ ಸಲೀಸಾಗಿ ಹರಿಯುತ್ತದೆ. ಬಾನೆಟ್ ಮುಚ್ಚುವಾಗ ಸಿಕ್ಕಿಕೊಂಡ ಒಂದು ಸಣ್ಣ ಗೀರು ಸಾಕು.

ಇಲ್ಲಿ ಎಂಜಿನ್ ನೋಡಿ ನಿರ್ಧರಿಸಬೇಕು. ಅಂಬಾಸಿಡರಿನ 1489 ಸಿಸಿ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ (ಬಿಎಂಸಿ) ಬಿ-ಸೀರೀಸ್ ಎಂಜಿನ್‌ನಲ್ಲಿ ಕಾರ್ಬುರೇಟರ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಒಂದು ಬದಿಗೆ, ಪ್ಲಗ್ಗುಗಳೂ ಡಿಸ್ಟ್ರಿಬ್ಯೂಟರೂ ಇನ್ನೊಂದು ಬದಿಗೆ. ವೈರಿಗೆ ಎಕ್ಸಾಸ್ಟಿನ ಶಾಖ ತಟ್ಟುವುದೇ ಇಲ್ಲ. ಅದಕ್ಕೆ ಒಳ್ಳೆಯ ಪಿವಿಸಿ ಸಾಕು, ಸಿಲಿಕೋನ್ ಹಾಕಿದರೆ ಸಂತೋಷ. ಪ್ಲಗ್ಗಿನ ಪಕ್ಕದಲ್ಲೇ ಎಕ್ಸಾಸ್ಟ್ ಹಾದುಹೋಗುವ ಎಂಜಿನ್ ಆದರೆ ಸಿಲಿಕೋನ್ ಬಿಟ್ಟು ಬೇರೆ ಯೋಚನೆ ಬೇಡ.

ದಪ್ಪ 7 ಮಿಲಿಮೀಟರ್ ಇರಲಿ. 8 ಮಿಲಿಮೀಟರ್ ವೈರ್ ನೋಡಲು ಜೋರಾಗಿದೆ, ಕೆಂಪು, ನೀಲಿ, ಹಳದಿ ಬಣ್ಣಗಳಲ್ಲೂ ಬರುತ್ತದೆ. ಆದರೆ ಲೂಕಾಸ್ ಕಂಪನಿಯ ಹಳೆಯ ಡಿಸ್ಟ್ರಿಬ್ಯೂಟರಿನ ಮುಚ್ಚಳದ, ಅಂದರೆ ಕ್ಯಾಪಿನ, ತೂತು 7ಕ್ಕೆ ಮಾಡಿದ್ದು. ಬ್ಲೇಡಿನಲ್ಲಿ ಹೊದಿಕೆ ಕೆತ್ತಿ ತೂರಿಸುವುದನ್ನು ನೋಡಿದ್ದೇವೆ. ಹೊದಿಕೆ ಅತ್ಯಂತ ದಪ್ಪ ಇರಬೇಕಾದ ಜಾಗದಲ್ಲೇ ತೆಳುವಾಗಿಸಿದ ಹಾಗಾಯಿತು.

ಇನ್ನು ತುದಿಗಳು. ಮಲೆನಾಡಿನಲ್ಲಿ ಪ್ಲಗ್ ವೈರಿನ ತಕರಾರಿನಲ್ಲಿ ಬಹುಪಾಲು ಇಲ್ಲಿಯದೇ ಎನ್ನುವುದು ನಮ್ಮ ಅಭಿಪ್ರಾಯ. ಲೂಕಾಸ್ ಡಿಸ್ಟ್ರಿಬ್ಯೂಟರ್ ಕ್ಯಾಪ್ ಎರಡು ಬಗೆ. ಒಂದರಲ್ಲಿ ವೈರ್ ಮೇಲಿನಿಂದ ಒತ್ತಿ ಕೂರುತ್ತದೆ. ತುದಿಗೆ ಹಿತ್ತಾಳೆಯ ಟರ್ಮಿನಲ್, ಮೇಲೆ ರಬ್ಬರಿನ ಮುಸುಕು, ಅಂದರೆ ಬೂಟ್. ಇನ್ನೊಂದರಲ್ಲಿ ವೈರ್ ಪಕ್ಕದಿಂದ ತೂರುತ್ತದೆ. ಕ್ಯಾಪಿನ ಒಳಗಿನ ಚೂಪು ತುದಿಯ ಸ್ಕ್ರೂ ಹೊದಿಕೆಯನ್ನು ಚುಚ್ಚಿ ಎಳೆಯನ್ನು ಮುಟ್ಟುತ್ತದೆ. ಈ ಎರಡನೆಯ ಬಗೆಗೆ ತಾಮ್ರದ ವೈರ್ ಮಾತ್ರ. ಕಾರ್ಬನ್ ಹುರಿಯನ್ನು ಸ್ಕ್ರೂ ಚುಚ್ಚಿದರೆ ಅದು ಪುಡಿಯಾಗುತ್ತದೆ, ನಾಲ್ಕು ದಿನ ಓಡಿ ಮಿಸ್ ಶುರುವಾಗುತ್ತದೆ. ಬೈಕಿನ ಅಂಗಡಿಯಲ್ಲಿ ಸಿಗುವ 5,000 ಓಮ್ ಕ್ಯಾಪಿಗೂ ಇದೇ ಮಾತು ಅನ್ವಯ: ಅದರೊಳಗಿನ ಮರದ ಸ್ಕ್ರೂನಂಥ ಮೊಳೆ ತಾಮ್ರದ ಎಳೆಗಳ ನಡುವೆ ತಿರುಗಿ ಕೂರಬೇಕು.

ಪಕ್ಕದಿಂದ ತೂರುವ ಕ್ಯಾಪಿಗೆ ವೈರ್ ಹಾಕುವ ಕ್ರಮ ಹೇಳುತ್ತೇವೆ. ಬ್ಯಾಟರಿ ಬಿಚ್ಚಿ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಮಗುಚಿ, ಒಂದು ಸ್ಕ್ರೂ ಸಡಿಲಿಸಿ ಒಂದೇ ವೈರ್ ಹೊರಗೆಳೆಯಿರಿ. ನಾಲ್ಕನ್ನೂ ಒಟ್ಟಿಗೆ ಕೀಳುವ ಚಪಲ ಬೇಡ, ಯಾವ ವೈರ್ ಯಾವ ಪ್ಲಗ್ಗಿಗೆ ಎನ್ನುವ ಆರ್ಡರ್ ತಪ್ಪುತ್ತದೆ. ಹೊಸ ವೈರನ್ನು ಹಳೆಯದರ ಅಳತೆಗೆ ಹಿಡಿದು, ಎಂಜಿನ್ ಅಲುಗಾಡುವುದಕ್ಕೆಂದು ಎರಡು ಸೆಂಟಿಮೀಟರ್ ಹೆಚ್ಚು ಬಿಟ್ಟು ಕತ್ತರಿಸಿ. ಹರಿತವಾದ ಬ್ಲೇಡಿನಲ್ಲಿ ನೇರವಾಗಿ ಕತ್ತರಿಸಬೇಕು, ಓರೆಯಾಗಬಾರದು. ಹೊದಿಕೆ ಸುಲಿಯಬೇಡಿ. ತಳ ಮುಟ್ಟುವವರೆಗೆ ತೂರಿಸಿ, ಸ್ಕ್ರೂ ಬಿಗಿ ಮಾಡಿ, ಮೆಲ್ಲಗೆ ಎಳೆದು ನೋಡಿ, ಜಾರಬಾರದು. ಕಾಯಿಲ್ ವೈರಿನ ಸ್ಕ್ರೂ ಕಾಣದಿದ್ದರೆ ನಡುವಿನ ಕಾರ್ಬನ್ ಬ್ರಷ್ಷನ್ನೂ ಅದರ ಸ್ಪ್ರಿಂಗನ್ನೂ ತೆಗೆಯಿರಿ, ಹಿಂದೆ ಇರುತ್ತದೆ. ಬ್ರಷ್ ವಾಪಸ್ ಹಾಕಿದ ಮೇಲೆ ಬೆರಳಿನಿಂದ ಒತ್ತಿದರೆ ಪುಟಿಯಬೇಕು.

ಹಳೆಯ ಕೆಲವು ಕಾಯಿಲ್‌ಗಳಲ್ಲಿ ವೈರಿನ ತುದಿಗೆ ಬಿರಡೆಯಂಥ ನಟ್ಟು ಬರುತ್ತದೆ. ಅದಕ್ಕೆ ಮಾತ್ರ ಸುಮಾರು 6 ಮಿಲಿಮೀಟರ್ ಸುಲಿದು, ನಟ್ಟಿನೊಳಗೆ ತೂರಿಸಿ, ಸಣ್ಣ ಹಿತ್ತಾಳೆ ವಾಷರಿನ ಮೂಲಕ ಎಳೆಗಳನ್ನು ಹೊರತೆಗೆದು ಹೂವಿನಂತೆ ಸುತ್ತಲೂ ಮಡಚಬೇಕು. ಒಂದು ಎಳೆಯೂ ವಾಷರಿನ ಅಂಚು ದಾಟಿ ಆಚೆ ಇಣುಕಬಾರದು. ಪ್ಲಗ್ಗಿನ ತಲೆಯ ಮೇಲಿನ ಪುಟ್ಟ ನಟ್ಟನ್ನೂ ಮರೆಯಬೇಡಿ: ಬೈಕಿನ ಕ್ಯಾಪಿಗೆ ಅದನ್ನು ಬಿಚ್ಚಿ ಬರೀ ಥ್ರೆಡ್ ಬಿಡಬೇಕು, ಕಾರಿನ ಸೆಟ್ಟುಗಳಿಗೆ ಸಾಮಾನ್ಯವಾಗಿ ನಟ್ಟು ಬೇಕು, ಅದನ್ನು ಪ್ಲೈಯರಿನಲ್ಲಿ ಬಿಗಿ ಮಾಡಬೇಕು.

ಬೂಟುಗಳ ಒಳಗೆ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿ. ನೀರು ಒಳಗಿಳಿಯುವುದಿಲ್ಲ, ಮುಂದಿನ ಸಲ ಬಿಚ್ಚುವಾಗ ಬೂಟ್ ಪ್ಲಗ್ಗಿಗೆ ಅಂಟಿಕೊಂಡಿರುವುದಿಲ್ಲ. ವೀಲ್ ಬೇರಿಂಗಿಗೆ ಹಾಕುವ ಗ್ರೀಸ್ ಬೇಡ, ಅದು ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ. ಫ್ಯಾನ್ ಎರಚುವ ನೀರು ನೇರ ಡಿಸ್ಟ್ರಿಬ್ಯೂಟರಿಗೆ ಬೀಳುವ ಗಾಡಿಗಳಿಗೆ ಒಂದು ಹಳೆಯ ಉಪಾಯವಿದೆ: ದಪ್ಪ ರಬ್ಬರ್ ಗ್ಲೌಸಿನ ಬೆರಳ ತುದಿ ಕತ್ತರಿಸಿ, ಒಂದೊಂದು ಬೆರಳಿಗೂ ಒಂದೊಂದು ವೈರ್ ತೂರಿಸಿ ಕ್ಯಾಪಿನ ಮೇಲೆ ಟೋಪಿಯ ಹಾಗೆ ಹಾಕುವುದು. ಐದು ಬೆರಳು, ಐದು ವೈರ್, ಲೆಕ್ಕ ಸರಿಹೊಂದುತ್ತದೆ! ತಳ ಮಾತ್ರ ತೆರೆದಿರಲಿ. ಪ್ಲಾಸ್ಟಿಕ್ ಸುತ್ತಿ ಬಿಗಿಯಾಗಿ ಕಟ್ಟಿದರೆ ಒಳಗಿನ ತೇವ ಆಚೆ ಹೋಗುವುದಿಲ್ಲ, ಬೆಳಗ್ಗೆ ಕ್ಯಾಪಿನ ಒಳಗೆ ಬೆವರು ಕೂತಿರುತ್ತದೆ.

ವೈರುಗಳನ್ನು ಎಳೆಯುವ ದಾರಿಯ ಬಗ್ಗೆ ಗ್ಯಾರೇಜಿನಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಂದ ಕಾಣಲೆಂದು ನಾಲ್ಕನ್ನೂ ಸೇರಿಸಿ ಕೇಬಲ್ ಟೈ ಬಿಗಿಯುತ್ತಾರೆ. ಅಂಬಾಸಿಡರ್, ಹೆರಾಲ್ಡ್, ಜೀಪ್ ಎಲ್ಲದರ ಫೈರಿಂಗ್ ಆರ್ಡರ್, ಎಂದರೆ ಸಿಲಿಂಡರುಗಳು ಉರಿಯುವ ಸರದಿ, 1-3-4-2. ಅಂದರೆ 3 ಆದ ಕೂಡಲೇ 4, 2 ಆದ ಕೂಡಲೇ 1. ಪಕ್ಕಪಕ್ಕದ ಸಿಲಿಂಡರುಗಳೇ ಬೆನ್ನುಬೆನ್ನಿಗೆ ಉರಿಯುತ್ತವೆ. 3ರಲ್ಲಿ ಕಿಡಿ ಹಾರುವ ಹೊತ್ತಿಗೆ 4 ಆಗಷ್ಟೇ ಗಾಳಿ-ಪೆಟ್ರೋಲ್ ತುಂಬಿಕೊಂಡು ಕಂಪ್ರೆಷನ್ ಶುರು ಮಾಡುವ ಹಂತದಲ್ಲಿರುತ್ತದೆ. ಒಳಗೆ ಒತ್ತಡವಿಲ್ಲ, ಸ್ವಲ್ಪ ವೋಲ್ಟಿಗೂ ಕಿಡಿ ಹಾರುವ ಸ್ಥಿತಿ. 3ರ ಮತ್ತು 4ರ ವೈರುಗಳು ಉದ್ದಕ್ಕೂ ಅಂಟಿಕೊಂಡಿದ್ದರೆ ಒಂದರ ವೋಲ್ಟೇಜ್ ಇನ್ನೊಂದರಲ್ಲಿ ಹುಟ್ಟಿ, 4 ಹೊತ್ತಿಗೆ ಮುಂಚೆಯೇ ಉರಿಯಬಹುದು. ಎಂಜಿನ್ ಬಡಿಯುತ್ತದೆ, ಒದೆಯುತ್ತದೆ. ಟೈಮಿಂಗ್ ಎಷ್ಟು ಸಲ ಸರಿಮಾಡಿದರೂ ಹೋಗುವುದಿಲ್ಲ. ಹಾಗಾಗಿ 3ರ ಮತ್ತು 4ರ ವೈರುಗಳ ನಡುವೆ, ಹಾಗೆಯೇ 1ರ ಮತ್ತು 2ರ ವೈರುಗಳ ನಡುವೆ ಎರಡು ಸೆಂಟಿಮೀಟರಾದರೂ ಅಂತರವಿರಲಿ. ಪ್ಲಾಸ್ಟಿಕ್ಕಿನ ವೈರ್ ಕ್ಲಿಪ್ಪುಗಳು ಸಿಗುತ್ತವೆ. ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಲಿ. ಪೆಟ್ರೋಲ್ ಪೈಪಿಗೆ ಕಟ್ಟುವುದಂತೂ ಕೂಡದು. ಆರ್ಡರ್ ತಪ್ಪಿಹೋದವರಿಗೆ: ಬಿ-ಸೀರೀಸಿನಲ್ಲಿ ರೇಡಿಯೇಟರ್ ಕಡೆಯದು ಒಂದನೆಯ ಸಿಲಿಂಡರ್, ಮೇಲಿನಿಂದ ನೋಡಿದರೆ ರೋಟರ್ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ.

ಪರೀಕ್ಷೆಗೆ ಮಲ್ಟಿಮೀಟರನ್ನು 20,000 ಓಮ್‌ಗೆ ಇಟ್ಟು ಒಂದು ತುದಿಯಿಂದ ಇನ್ನೊಂದು ತುದಿಗೆ ಅಳೆಯಿರಿ, ಅಳೆಯುತ್ತಲೇ ವೈರನ್ನು ಬಾಗಿಸಿ. ಅಂಕಿ ಕುಣಿದರೆ ಒಳಗೆ ಮುರಿದಿದೆ. ಸೆಟ್ಟಿನಲ್ಲಿ ಉದ್ದಕ್ಕೆ ತಕ್ಕಂತೆ ವ್ಯತ್ಯಾಸ ಸಹಜ. ಗಿಡ್ಡ ವೈರ್ ಉದ್ದದ್ದಕ್ಕಿಂತ ಎರಡರಷ್ಟು ತೋರಿಸಿದರೆ ಅದರ ಕಾಲ ಮುಗಿದಿದೆ. ಆದರೆ ಮಲ್ಟಿಮೀಟರ್ ಹೊದಿಕೆಯ ಸೋರಿಕೆಯನ್ನು ಹೇಳಲಾರದು, ಒಂಬತ್ತು ವೋಲ್ಟಿನ ಬ್ಯಾಟರಿಗೆ ಅದು ಕಾಣುವುದೇ ಇಲ್ಲ. ಅದಕ್ಕೆ ಕತ್ತಲಾದ ಮೇಲೆ ಎಂಜಿನ್ ಓಡಿಸಿ, ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದ ವೈರ್ ಮೇಲೆ ಮಂಜಿನಷ್ಟೇ ನೀರು ಬಿಡಿ. ಸೋರುವ ಕಡೆ ನೀಲಿ ಕಿಡಿ ಕಾಣುತ್ತದೆ, ಚಟಚಟ ಕೇಳುತ್ತದೆ. ಮೊದಲು ಪೆಟ್ರೋಲ್ ಎಲ್ಲೂ ಜಿನುಗುತ್ತಿಲ್ಲ ಎಂದು ನೋಡಿಕೊಳ್ಳಿ. ಕೈ, ಪಂಚೆ, ಶಾಲು ಫ್ಯಾನಿನಿಂದ ದೂರವಿರಲಿ, ವೈರ್ ಮುಟ್ಟಬೇಡಿ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಈ ಕೆಲಸದ ಹತ್ತಿರ ಬರಲೇಬಾರದು. ಯಾವ ಸಿಲಿಂಡರ್ ಸತ್ತಿದೆ ಎಂದು ತಿಳಿಯಲು ಒಂದೊಂದೇ ವೈರ್ ತೆಗೆಯುವವರು ಎಂಜಿನ್ ನಿಲ್ಲಿಸಿ ತೆಗೆದು, ಆ ತುದಿಯನ್ನು ಗಾಡಿಯ ಲೋಹದ ಮೈಗೆ ಅರ್ತ್ ಮಾಡಿ, ಮತ್ತೆ ಓಡಿಸಿ. ಗಾಳಿಯಲ್ಲಿ ತೂಗಲು ಬಿಟ್ಟರೆ ಕಾಯಿಲ್‌ನ ಒಳಗೇ ಕಿಡಿ ಹಾರಿ ಕಾಯಿಲ್ ಹೋಗಬಹುದು.

ನಾಲ್ಕೂ ಸಿಲಿಂಡರ್ ಒಟ್ಟಿಗೆ ಮಿಸ್ ಹೊಡೆದರೆ ಪ್ಲಗ್ ವೈರ್ ಬಿಟ್ಟು ಕಾಯಿಲ್ ವೈರ್ ನೋಡಿ. ಎಲ್ಲ ಕಿಡಿಯೂ ಅದರ ಮೂಲಕವೇ ಬರಬೇಕು. ಹೊಸ ವೈರ್ ಹಾಕಿಯೂ ಮಳೆಯಲ್ಲಿ ಮಿಸ್ ಹೋಗದಿದ್ದರೆ ಡಿಸ್ಟ್ರಿಬ್ಯೂಟರ್ ಕ್ಯಾಪನ್ನು ಬೆಳಕಿಗೆ ಹಿಡಿಯಿರಿ. ಒಳಗೆ ಎರಡು ಹಿತ್ತಾಳೆ ತುದಿಗಳ ನಡುವೆ ಪೆನ್ಸಿಲ್ಲಿನಲ್ಲಿ ಎಳೆದಂಥ ಕಪ್ಪು ಗೆರೆ ಕಂಡರೆ ಅದು ಕಿಡಿ ಓಡಾಡಿ ಸುಟ್ಟ ಕಾರ್ಬನ್ ದಾರಿ. ಉಜ್ಜಿದರೆ ಹೋಗುವುದಿಲ್ಲ, ಕ್ಯಾಪೇ ಬದಲಾಗಬೇಕು.

ಇಲಿಯ ವಿಷಯ ಕೇಳುತ್ತೀರಿ ಎಂದು ಗೊತ್ತು. ಕೊಯ್ಲಿನ ಗಡಿಬಿಡಿಯಲ್ಲಿ ಶೆಡ್ಡಿನಲ್ಲೇ ನಿಂತ ಕಾರಿನ ವೈರನ್ನು ಇಲಿ ಕಡಿಯದೇ ಬಿಡುವುದು ಅಪರೂಪ. ಪಿವಿಸಿ ಆಗಲಿ ಸಿಲಿಕೋನ್ ಆಗಲಿ, ಅದಕ್ಕೆ ಭೇದವಿಲ್ಲ. ಕಡಿದ ಜಾಗಕ್ಕೆ ಇನ್ಸುಲೇಷನ್ ಟೇಪ್ ಸುತ್ತಿದರೆ ಪದರಗಳ ನಡುವೆ ತೇವ ನುಗ್ಗಿ ಅಲ್ಲಿಂದಲೇ ಕಿಡಿ ಹಾರುತ್ತದೆ. ಗಾಡಿಯನ್ನು ಮನೆ ಮುಟ್ಟಿಸಲು ಟೇಪ್ ಸಾಕು, ಅದಕ್ಕಿಂತ ಹೆಚ್ಚಿಗಲ್ಲ.

ಕೊಳ್ಳುವಾಗ ಊರಿನ ಅಂಗಡಿಯಾಗಲಿ ಬೆಂಗಳೂರಿನ ಜೆ.ಸಿ. ರಸ್ತೆಯಾಗಲಿ, ತುದಿ ಕತ್ತರಿಸಿ ತೋರಿಸಲು ಹೇಳಿ. ಎಳೆ ನಡುಮಧ್ಯದಲ್ಲಿರಬೇಕು, ಒಂದು ಬದಿಗೆ ಸರಿದಿದ್ದರೆ ಅಲ್ಲಿ ಹೊದಿಕೆ ತೆಳು. ಎಳೆಗಳಿಗೆ ಸಣ್ಣ ಅಯಸ್ಕಾಂತ ಹಿಡಿಯಿರಿ. ಅಂಟಿದರೆ ತಾಮ್ರದ ಲೇಪ ಕೊಟ್ಟ ಕಬ್ಬಿಣ, ತೇವದಲ್ಲಿ ತುಕ್ಕು ಹಿಡಿಯುತ್ತದೆ. ಬೆರಳಿಗೆ ಸುತ್ತಿ ಬಿಟ್ಟರೆ ಹೊದಿಕೆಯಲ್ಲಿ ಬಿಳಿ ಗೆರೆ ಮೂಡಬಾರದು. ಹಳೆಯ ದಾಸ್ತಾನು, ಕಂಪನಿ ಡಬ್ಬಿ ಎಂದು ಜಾಸ್ತಿ ಹಣ ಕೊಡಬೇಡಿ. ಮೂವತ್ತು ವರ್ಷ ಕಪಾಟಿನಲ್ಲಿದ್ದ ರಬ್ಬರ್ ಓಡದಿದ್ದರೂ ಹಳತೇ.

ಪಾಯಿಂಟ್ ಇರುವ ಅಂಬಾಸಿಡರಿಗೋ ಜೀಪಿಗೋ ನಾವು ಬರೆದುಕೊಡುವ ಚೀಟಿ ಹೀಗಿರುತ್ತದೆ: 7 ಮಿಲಿಮೀಟರ್ ತಾಮ್ರದ ಎಳೆಯ, ಸಿಲಿಕೋನ್ ಅಥವಾ ಒಳ್ಳೆಯ ಪಿವಿಸಿ ಹೊದಿಕೆಯ ವೈರ್, ಬೇಕಾದ ಉದ್ದವನ್ನು ದಾರದಿಂದ ಅಳೆದು ಅದಕ್ಕಿಂತ ಅರ್ಧ ಮೀಟರ್ ಹೆಚ್ಚು, 5,000 ಓಮ್ ಕ್ಯಾಪ್ ನಾಲ್ಕು ಮತ್ತು ಸ್ಪೇರಿಗೆ ಒಂದು, ರಬ್ಬರ್ ಬೂಟ್ ಡಿಸ್ಟ್ರಿಬ್ಯೂಟರ್ ಕಡೆಗೆ ಐದು ಮತ್ತು ಕಾಯಿಲ್ ಕಡೆಗೆ ಒಂದು, ಸಿಲಿಕೋನ್ ಗ್ರೀಸಿನ ಸಣ್ಣ ಟ್ಯೂಬ್ ಒಂದು. ಉಳಿದ ಅರ್ಧ ಮೀಟರಿಗೆ ಸ್ಪೇರ್ ಕ್ಯಾಪ್ ಕಟ್ಟಿ ಡಿಕ್ಕಿಯಲ್ಲಿಡಿ. ಅದು ನಿಮ್ಮ ಎಂಜಿನ್ನಿನ ಅತಿ ದೂರದ ಪ್ಲಗ್ಗನ್ನು ಮುಟ್ಟುತ್ತದೆಯೇ ಎಂದು ಮನೆಯಲ್ಲೇ ಹಿಡಿದು ನೋಡಿಕೊಳ್ಳಿ.